ಹತ್ತಿರದ ಊರು ಯಾವುದು, ತಂಗಿ?

ಅಕ್ಕಾ, ನಾವು ರಾಯಚೂರಿನವರು. ನಮ್ಮ ಮನೆಯವರು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವರು, ಶಕ್ತಿನಗರದ ಕಡೆ ಗುತ್ತಿಗೆ ಕೆಲಸ. ಮೇ ತಿಂಗಳಿಗೆ ಅದು ಮುಗಿಯುತ್ತದೆ. ಈಗ ಎರಡು ಕಡೆಯಿಂದ ಕರೆ ಬಂದಿದೆ. ಹೈದರಾಬಾದಿನ ಪಟಾಂಚೆರುವಿನಲ್ಲಿ ತಿಂಗಳಿಗೆ 44,000, ಮೂರು ಪಾಳಿ ಡ್ಯೂಟಿ. ಬೆಂಗಳೂರಿನ ಪೀಣ್ಯದಲ್ಲಿ 52,000, ಹಗಲು ಡ್ಯೂಟಿ. ಮಗಳಿಗೆ ಆರು ವರ್ಷ, ಜೂನ್‌ನಲ್ಲಿ ಒಂದನೇ ತರಗತಿ. ಮಗನಿಗೆ ಎರಡು. ಭಾವನವರು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿದ್ದಾರೆ. ನನ್ನ ಅಕ್ಕ ಬೆಂಗಳೂರಿನ ದಾಸರಹಳ್ಳಿಯಲ್ಲಿದ್ದಾಳೆ. ಅತ್ತೆಗೆ ಸಕ್ಕರೆ ಕಾಯಿಲೆ. ಸ್ವಂತ ಮನೆ ಬಿಟ್ಟು ಎಲ್ಲಿಗೂ ಬರುವುದಿಲ್ಲ ಅಂದಿದ್ದಾರೆ. ನಾದಿನಿಯ ಮನೆ ಎರಡು ಓಣಿ ಆಚೆ. ಎಲ್ಲರೂ "ಹೈದ್ರಾಬಾದ್ ಅಂದ್ರ ಹಿತ್ತಲ ಬಾಗಲಾ ಇದ್ದಂಗ" ಅನ್ನುತ್ತಾರೆ. ನಮ್ಮವರು "ನೀ ಹೆಂಗ ಅಂತಿ ಹಂಗ" ಅಂತ ಸುಮ್ಮನಾಗಿದ್ದಾರೆ. ನಾನು ಬಿ.ಎಡ್. ಮಾಡಿ, ಟಿಇಟಿ ಪಾಸಾಗಿ, ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, 11,000 ಕೊಡುತ್ತಾರೆ. ನನ್ನ ಮನಸ್ಸು ಬೆಂಗಳೂರು ಅನ್ನುತ್ತದೆ. ಬಾಯಿ ಬಿಟ್ಟರೆ "ಗಂಡನ್ನ ತನ್ನ ತವರಿನ ಕಡಿ ಎಳಕೊಂಡ್ಲು" ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ರಾಯಚೂರು

ತಂಗಿ,

ನೀನು ಅಕ್ಕಾ ಅಂದ ಮೇಲೆ ನನಗೆ ಬಹುವಚನ ಬರಲಿಲ್ಲ, ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಪತ್ರ ಎರಡು ಸಲ ಓದಿದೆ. ನನ್ನ ಉತ್ತರ ಬೆಂಗಳೂರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಿನಗೂ ಅದು ಗೊತ್ತಾಗಿದೆ. ನಿನಗೆ ಕಷ್ಟವಾಗಿರುವುದು ಅದನ್ನು ಮನೆಯಲ್ಲಿ ಹೇಳುವುದು. ಹೇಳುವುದಕ್ಕೆ ಕಾರಣಗಳು ಗಟ್ಟಿ ಇರಬೇಕು. ಅವುಗಳನ್ನೇ ಮೊದಲು ನೋಡೋಣ.

ನಿಮ್ಮ ಮನೆಯವರ ಮಾತನ್ನು ತಳ್ಳಿಹಾಕಬೇಡ. ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜಂದಿರಿಗೆ ದೊಡ್ಡ ಕೋರ್ಟು, ದೊಡ್ಡ ದವಾಖಾನೆ, ಕಾಲೇಜು, ಮದುವೆ ಜವಳಿ ಎಲ್ಲಾ ಹೈದರಾಬಾದೇ. ಬೆಂಗಳೂರು ಅವರಿಗೆ ಬೇರೆ ಸೀಮೆ. ನಿನ್ನ ಅತ್ತೆಯ ವಯಸ್ಸಿನವರು ಆ ಮಾತು ಕೇಳಿಕೊಂಡೇ ಬೆಳೆದವರು. ತೆಲುಗೂ ಬರುತ್ತಿರಬೇಕು ಅವರಿಗೆ. ಹಾಗಾಗಿ ಹಿತ್ತಲ ಬಾಗಿಲು ಅನ್ನುವ ಮಾತು ನಿನ್ನನ್ನು ತಡೆಯಲು ಹೇಳಿದ್ದಲ್ಲ, ಅವರ ಅನುಭವದ ಮಾತು.

ಆದರೆ ನೀನು ಹೋಗಿ ಇರಬೇಕಾದದ್ದು ಪಟಾಂಚೆರುವಿನಲ್ಲಿ. ರಾಯಚೂರಿನಿಂದ ಹೊರಟ ಬಸ್ಸು ಕೃಷ್ಣಾ ಸೇತುವೆ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡಚೆರ್ಲಾ ಹಾದು ಹೈದರಾಬಾದಿನ ದೊಡ್ಡ ಬಸ್ ನಿಲ್ದಾಣ ಎಂಜಿಬಿಎಸ್ ಮುಟ್ಟುವಾಗ ಇನ್ನೂರು ಕಿಲೋಮೀಟರ್ ಸುಮಾರು ಆಗಿರುತ್ತದೆ. ಪಟಾಂಚೆರು ಅಲ್ಲಿಂದ ಊರಿನ ಇನ್ನೊಂದು ತುದಿ. ಭಾವನವರ ದಿಲ್‌ಸುಖ್‌ನಗರ ಪೂರ್ವಕ್ಕೆ, ನಿಮ್ಮ ಮನೆ ಪಶ್ಚಿಮಕ್ಕೆ, ನಡುವೆ ನಲವತ್ತು ಕಿಲೋಮೀಟರ್ ಸುಮಾರು. ಮೆಟ್ರೋ ಮಿಯಾಪುರಕ್ಕೆ ನಿಲ್ಲುತ್ತದೆ, ಮುಂದೆ ಮತ್ತೆ ಬಸ್ಸು. ಮಗುವಿಗೆ ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ನೆಗೆಣ್ಣಿ ಬಂದು ಮುಟ್ಟುವುದು ಯಾವಾಗ? ಈ ಕಡೆ ನೋಡು. ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದಿಂದ ಜಾಲಹಳ್ಳಿ ಬಿಟ್ಟರೆ ಮುಂದಿನದೇ ದಾಸರಹಳ್ಳಿ. ಅಕ್ಕನ ಮನೆ ಸುತ್ತಮುತ್ತ ನಾಲ್ಕು ಓಣಿಯೊಳಗೆ ಮನೆ ಹಿಡಿದರೆ ನಿಮ್ಮ ಯಜಮಾನರು ಎರಡು ನಿಲ್ದಾಣ ದಾಟಿದರೆ ಕೆಲಸ, ನೀನು ಹತ್ತು ನಿಮಿಷ ನಡೆದರೆ ಅಕ್ಕನ ಮನೆ.

ಹತ್ತಿರ ಅನ್ನುವ ಮಾತಿಗೆ ನಾನೂ ಒಮ್ಮೆ ಮೋಸಹೋಗಿದ್ದೇನೆ, ಅದನ್ನು ಹೇಳಬೇಕು. ಮೂವತ್ತು ವರ್ಷದ ಹಿಂದೆ ನಮ್ಮವರಿಗೆ ಕರ್ನೂಲು ಮತ್ತು ಮೈಸೂರು ಎರಡೂ ಕಡೆ ಅವಕಾಶ ಇತ್ತು. ಅವ್ವ ರಾಯಚೂರಲ್ಲಿ ಒಬ್ಬಳೇ ಇದ್ದಳು. ಕರ್ನೂಲು ನೂರು ಕಿಲೋಮೀಟರ್ ಆಜೂಬಾಜು, ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅವ್ವನ ಮನೆ ಅಂತ ಅಲ್ಲಿಗೇ ಹೋದೆವು. ಮೊದಲ ತಿಂಗಳು ಎರಡು ಸಲ ಬಂದೆ. ಆಮೇಲೆ "ಇಲ್ಲೇ ಅಲ್ಲ, ಮುಂದಿನ ವಾರ ಹೋದರಾಯ್ತು" ಶುರುವಾಯಿತು. ಮುಂದಿನ ವಾರ ಮಗನಿಗೆ ಪರೀಕ್ಷೆ, ಅದರ ಮುಂದಿನ ವಾರ ಮನೆಗೆ ನೆಂಟರು. ಅವ್ವನೂ ಹಾಗೇ, "ನಾಳಿ ಬಂದ್ರಾತು ಬಿಡು, ಎಲ್ಲಿ ದೂರ ಐತಿ" ಅನ್ನುತ್ತಿದ್ದಳು. ಮೂರು ವರ್ಷದಲ್ಲಿ ಅವಳು ನಮ್ಮ ಮನೆಯಲ್ಲಿ ಕೂತು ಉಂಡದ್ದು ಎರಡೇ ಸಲ. ಅದೇ ಹೊತ್ತಿನಲ್ಲಿ ಮೈಸೂರಿಗೆ ಹೋದ ನನ್ನ ಗೆಳತಿ ರೈಲಿನ ಟಿಕೆಟ್ ಮುಂಚೆಯೇ ತೆಗೆಸಿ ದಸರಾ ರಜೆಗೊಮ್ಮೆ, ಬೇಸಿಗೆಗೊಮ್ಮೆ, ಕಾರಹುಣ್ಣಿಮೆಗೊಮ್ಮೆ ತಪ್ಪದೆ ಬರುತ್ತಿದ್ದಳು. ಬಂದರೆ ಹದಿನೈದು ದಿನ ಇರುತ್ತಿದ್ದಳು. ಅವಳ ಅವ್ವ ಆ ದಿನಗಳಿಗೆ ಕಾಯುತ್ತಿದ್ದರು, ಶೇಂಗಾ ಹಿಂಡಿ ಕುಟ್ಟಿ ಇಡುತ್ತಿದ್ದರು. ನನ್ನ ಅವ್ವ ಯಾವ ದಿನಕ್ಕೂ ಕಾಯುವ ಹಾಗಿರಲಿಲ್ಲ. ಅದು ಈಗಲೂ ನನ್ನನ್ನು ಕಾಡುತ್ತದೆ.

ಇನ್ನೊಂದು, ನನ್ನ ಮಗನದು. ಆಗ ಅವನಿಗೂ ಆರೇ ವರ್ಷ. ಹೊಸ ಶಾಲೆಗೆ ಹೋದ ಮೊದಲ ವಾರ, ಮೂರು ದಿನ ಒದ್ದೆ ಚಡ್ಡಿಯಲ್ಲಿ ಮನೆಗೆ ಬಂದ. ನಾನು ಬೈದೆ. ನಾಲ್ಕನೇ ದಿನ ಬಚ್ಚಲಲ್ಲಿ ನಿಲ್ಲಿಸಿ ಕಾಲು ತೊಳೆಯುವಾಗ ಮೆಲ್ಲಗೆ ಹೇಳಿದ, "ಒಂದಕ್ಕ ಹೋಗ್ಬೇಕು ಅಂದ್ರ ಏನಂತ ಕೇಳ್ಬೇಕವ್ವಾ ಅಲ್ಲಿ?" ಅವನಿಗೆ ಕೇಳುವ ಮಾತೇ ಗೊತ್ತಿರಲಿಲ್ಲ, ಟೀಚರಿಗೆ ಅವನು ಹೇಳಿದ್ದು ತಿಳಿದಿರಲಿಲ್ಲ. ಅವನ ತಣ್ಣನೆಯ ಕಾಲು ನನ್ನ ಕೈಯಲ್ಲಿ ಹಾಗೇ ಇತ್ತು, ನೀರು ಹರಿದು ಹೋಗುತ್ತಿತ್ತು. ಮಕ್ಕಳು ಹೊಸ ಭಾಷೆ ಬೇಗ ಕಲಿಯುತ್ತವೆ ಅನ್ನುವುದು ನಿಜ, ಅವನೂ ಆರು ತಿಂಗಳಲ್ಲಿ ತೆಲುಗಿನಲ್ಲೇ ಜಗಳ ಆಡುವಷ್ಟು ಕಲಿತ. ಆ ಮೊದಲ ತಿಂಗಳುಗಳಲ್ಲಿ ಮನೆಯಲ್ಲಿ ಒಬ್ಬರು ಗಮನ ಇಟ್ಟು ನೋಡುವವರು ಬೇಕು.

ನಿನಗೆ ಬೆಂಗಳೂರು ಅನ್ನಲು ನನ್ನ ದೊಡ್ಡ ಕಾರಣ ಇದೇ, ಸಂಜೆಯ ಹೊತ್ತು. ಮಗಳು ಶಾಲೆಯಿಂದ ಬಂದಾಗಿನಿಂದ ಮಲಗುವವರೆಗೆ ಮನೆಯಲ್ಲಿ ಯಾರಿರುತ್ತಾರೆ ಅಂತ ಒಂದು ಕಾಗದದ ಮೇಲೆ ಬರಿ. ಮೂರು ಪಾಳಿ ಅಂದರೆ ಒಂದು ವಾರ ನಿಮ್ಮವರು ಮಧ್ಯಾಹ್ನ ಹೋಗಿ ರಾತ್ರಿ ಬರುತ್ತಾರೆ. ಇನ್ನೊಂದು ವಾರ ರಾತ್ರಿಯಿಡೀ ಇರುವುದಿಲ್ಲ, ಹಗಲು ಮಲಗಿರುತ್ತಾರೆ. ನೀನು ಎರಡು ವರ್ಷದ ಹುಡುಗನ ಬಾಯಿ ಮುಚ್ಚಿಸಿಕೊಂಡು ಕೂರಬೇಕು. ಪಾಳಿ ಕೆಲಸ ಮಾಡುವ ಲಕ್ಷಾಂತರ ಜನ ಮಕ್ಕಳನ್ನು ಚೆನ್ನಾಗಿಯೇ ಬೆಳೆಸಿದ್ದಾರೆ, ಶಕ್ತಿನಗರದಲ್ಲಿ ನೀನೇ ನೋಡಿದ್ದೀಯ. ಆದರೆ ಅಲ್ಲಿ ಅತ್ತೆ ಇದ್ದರು, ನಾದಿನಿ ಇದ್ದರು, ಓಣಿ ಇತ್ತು. ಪಟಾಂಚೆರುವಿನಲ್ಲಿ ನೀನೊಬ್ಬಳೇ. ಕೆಲಸವೂ ಇಲ್ಲ.

ನಿನ್ನ ಕೆಲಸದ ಮಾತಿಗೆ ಬರುತ್ತೇನೆ. ಇಡೀ ಪತ್ರದಲ್ಲಿ ಅದಕ್ಕೆ ನೀನು ಕೊಟ್ಟದ್ದು ಒಂದೇ ಸಾಲು, ಅದೂ ಕೊನೆಯಲ್ಲಿ. ಬೇಜಾರಾಯಿತು. ಬಿ.ಎಡ್. ಮಾಡಿದವಳು, ಟಿಇಟಿ ಪಾಸಾದವಳು ನೀನು. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಡ್ಡಾಯ, ಅದು ಅವರ ರಾಜ್ಯ, ಸರಿಯೇ. ಅಲ್ಲಿ ಕನ್ನಡ ಶಿಕ್ಷಕಿಗೆ ಜಾಗ ತೀರಾ ಕಡಿಮೆ. ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆ ಕಾಚಿಗುಡದಲ್ಲಿದೆ, ಪಟಾಂಚೆರುವಿನಿಂದ ದಿನಾ ಹೋಗಿಬರುವ ದೂರವಲ್ಲ. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಕನ್ನಡ ಕಲಿಸಬೇಕು. ಬೆಂಗಳೂರಿನಂಥ ಊರಲ್ಲಿ ಕನ್ನಡ ಗೊತ್ತಿಲ್ಲದ ಮಕ್ಕಳಿಗೆ ಒಂದನೇ ತರಗತಿಯಿಂದ ಅ ಆ ಇ ಈ ಕಲಿಸುವ ಟೀಚರು ಬೇಕೇ ಬೇಕು. ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ ಇದೆ, ಎರಡು ವರ್ಷ ಮಗನಿಗಾಗಿ ಮನೆಯಲ್ಲಿ ಕೂತರೂ ಅದು ಹಾಳಾಗುವುದಿಲ್ಲ. ಸರ್ಕಾರಿ ನೇಮಕಾತಿ ಕರೆದಾಗ ಸಂವಿಧಾನದ 371(ಜೆ) ವಿಧಿ ನಮ್ಮ ಭಾಗದವರಿಗೆ ಕೊಟ್ಟ ಮೀಸಲಾತಿಯಲ್ಲಿ ಕಲ್ಯಾಣ ಕರ್ನಾಟಕದ ಹುದ್ದೆಗೆ ಅರ್ಜಿ ಹಾಕು. ಒಂದು ದಿನ ಮಾನ್ವಿಗೋ ಲಿಂಗಸುಗೂರಿಗೋ ಪೋಸ್ಟಿಂಗ್ ಆಗಿ ನೀವೆಲ್ಲ ವಾಪಸ್ ಬರುವ ದಾರಿಯೂ ಅದೇ ಆಗಬಹುದು.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಸಂಬಳದ ವ್ಯತ್ಯಾಸ 8,000 ಕಾಣುತ್ತದೆ. ಬೆಂಗಳೂರಲ್ಲಿ ಬಾಡಿಗೆ ನಾಲ್ಕೈದು ಸಾವಿರ ಹೆಚ್ಚಿಗೆ ಹೋಗುತ್ತದೆ, ಶಾಲೆ ಫೀಸಿನಲ್ಲೂ ಹೆಚ್ಚಾಗುತ್ತದೆ. ಕೊನೆಗೆ ಎರಡೂ ಊರು ಸಮಸಮ ಅಂತಲೇ ಇಟ್ಟುಕೊ. ನೀನು ಕೆಲಸಕ್ಕೆ ಸೇರಿದ ದಿನ ಮಾತ್ರ ತಕ್ಕಡಿ ಬೆಂಗಳೂರಿನ ಕಡೆ ವಾಲುತ್ತದೆ. ಹುಷಾರಾಗಿರಬೇಕಾದದ್ದು ಅಡ್ವಾನ್ಸ್ ವಿಷಯದಲ್ಲಿ. ಹೈದರಾಬಾದಲ್ಲಿ ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗೆ ಕೇಳುತ್ತಾರೆ, ಬೆಂಗಳೂರಲ್ಲಿ ಹತ್ತು ತಿಂಗಳದು ಕೇಳುವವರು ಇನ್ನೂ ಇದ್ದಾರೆ. ಬಾಡಿಗೆ 16,000 ಅಂದರೆ 1,60,000 ಒಮ್ಮೆಗೇ ಕೈಬಿಡಬೇಕು. ಐದಾರು ತಿಂಗಳಿಗೆ ಇಳಿಸಿ ಅಂತ ಕೇಳಿ, ಕೇಳಿದರೆ ಇಳಿಸುವವರೂ ಇದ್ದಾರೆ. ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಅಡ್ವಾನ್ಸ್ ಎಷ್ಟು, ಬಿಡುವಾಗ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಎರಡೂ ಬರೆಸಿ. ಕಾವೇರಿ ನೀರಿನ ಕನೆಕ್ಷನ್ ಇದೆಯೋ ಬರೀ ಬೋರ್‌ವೆಲ್ಲೋ ಅಂತ ಕೇಳದೆ ದುಡ್ಡು ಕೊಡಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್ ಬತ್ತಿ ಜನ ಟ್ಯಾಂಕರಿಗೆ ಪಟ್ಟ ಪಾಡು ನೀನೂ ಓದಿರುತ್ತೀಯ. ಪೀಣ್ಯದಲ್ಲೂ ಪಟಾಂಚೆರುವಿನಲ್ಲೂ ಕಾರ್ಖಾನೆಗಳ ಪಕ್ಕದ ಅಂತರ್ಜಲ ಕೆಟ್ಟಿದೆ, ಕಾರ್ಖಾನೆಗೆ ಅಂಟಿದ ಓಣಿಯಲ್ಲಿ ಮನೆ ಬೇಡ.

ಮಗಳ ಮಾತಿನ ಬಗ್ಗೆ ಒಂದು ಎಚ್ಚರಿಕೆ. ಬೆಂಗಳೂರಲ್ಲೂ ಕನ್ನಡವೇ ಅಲ್ಲವೇ ಅಂತ ನಿಶ್ಚಿಂತೆಯಿಂದ ಇರಬೇಡ. "ನಾ ಒಲ್ಲೆ", "ಹ್ಯಾಂಗ ಮಾಡ್ಲಿ", "ಆಕಿ ಬಂದಾಳ" ಅಂದರೆ ತರಗತಿಯಲ್ಲಿ ನಗುವ ಮಕ್ಕಳಿರುತ್ತವೆ, ಒಮ್ಮೊಮ್ಮೆ ಟೀಚರೂ ನಗುತ್ತಾರೆ. ಅವಳು ಅಳುತ್ತಾ ಬಂದ ದಿನ ನೀನು ಅವಳ ಮಾತು ತಿದ್ದಬೇಡ. ಮನೆಯಲ್ಲಿ ನಮ್ಮ ಮಾತು ನಮ್ಮದೇ ಇರಲಿ. ಶಾಲೆಯ ಮಾತು ಶಾಲೆಯಲ್ಲಿ ತಾನಾಗಿ ಬರುತ್ತದೆ. ನೀನೇ ಕನ್ನಡ ಟೀಚರು, ಅವಳ ಟೀಚರನ್ನು ಒಮ್ಮೆ ಹೋಗಿ ಮಾತಾಡಿಸಿ ಬಾ.

ಇನ್ನು ಅತ್ತೆ. ಅವರನ್ನು ಬಿಟ್ಟು ಹೋಗುವ ನೋವು ನಿನ್ನ ಗಂಡನ ಮೌನದೊಳಗಿದೆ ಅಂತ ನನಗೆ ಅನ್ನಿಸುತ್ತದೆ. "ನೀ ಹೆಂಗ ಅಂತಿ ಹಂಗ" ಅಂದವರು ನಿನಗೆ ಅಧಿಕಾರ ಕೊಟ್ಟಿದ್ದಾರೆ ಅಂದುಕೊಳ್ಳಬೇಡ. ಅವರಿಗೆ ತಾವು ಹೇಳಲಾಗದ್ದು ಏನೋ ಇದೆ. ಊರ ಹೆಸರು ಎತ್ತುವ ಮುಂಚೆ ಅದನ್ನು ಕೇಳು. "ಅವ್ವಗ ಏನರ ಆದ್ರ ಅಂತ ಅಂಜಿಕಿ ಐತೇನ್ರಿ ನಿಮಗ?" ಅಂತ ಒಂದೇ ಮಾತು. ರಾತ್ರಿ ಮಕ್ಕಳು ಮಲಗಿದ ಮೇಲೆ, ಫೋನ್ ಬದಿಗಿಟ್ಟು ಕೇಳು. ಅವರು ಮಾತಾಡುವವರೆಗೂ ನೀನು ಸುಮ್ಮನಿರು. ನಿನ್ನ ಅಕ್ಕನ ಹೆಸರು ಆ ರಾತ್ರಿ ಬೇಡ.

ಮರುದಿನ ವ್ಯವಸ್ಥೆಯ ಮಾತಾಡಿ. ಅತ್ತೆ ಒಂಟಿಯಲ್ಲ, ನಾದಿನಿ ಎರಡು ಓಣಿ ಆಚೆ ಇದ್ದಾರೆ. ಊರೆಲ್ಲ ಇದನ್ನು ಮರೆತು ಮಾತಾಡುತ್ತಿದೆ, ನೀನೂ ಒಂದೇ ಸಾಲಲ್ಲಿ ದಾಟಿಸಿದ್ದೀಯ. ರಾತ್ರಿ ಹತ್ತಕ್ಕೆ ಅತ್ತೆಗೆ ಸಕ್ಕರೆ ಇಳಿದು ಬೆವರು ಕಿತ್ತುಕೊಂಡರೆ ಹೈದರಾಬಾದಿನ ಮಗನೂ ಹೊತ್ತಿಗೆ ಮುಟ್ಟುವುದಿಲ್ಲ, ಬೆಂಗಳೂರಿನ ಮಗನೂ ಮುಟ್ಟುವುದಿಲ್ಲ. ಮುಟ್ಟುವವಳು ಮಗಳೇ. ಆದ್ದರಿಂದ ಊರು ಯಾವುದು ಅಂತ ತೀರ್ಮಾನ ಆಗುವ ಮೊದಲೇ ನೀವಿಬ್ಬರೂ ನಾದಿನಿಯ ಮನೆಗೆ ಹೋಗಿ, ಅವರ ಎದುರಿಗೆ ಕೂತು ಕೇಳಬೇಕು. ಅತ್ತೆಯ ಔಷಧಿ, ಮೂರು ತಿಂಗಳಿಗೊಮ್ಮೆಯ ರಕ್ತ ಪರೀಕ್ಷೆ, ಆಟೋ ಖರ್ಚು ಇದಕ್ಕೆಲ್ಲ ತಿಂಗಳ ಮೊದಲ ವಾರವೇ ದುಡ್ಡು ಹಾಕುತ್ತೇವೆ ಅಂತ ಹೇಳಿ, ಹಾಕಿ. ಅವರು ಮಾಡುವುದು ಸಣ್ಣ ಕೆಲಸವಲ್ಲ, ಮಗಳಾದ ಮಾತ್ರಕ್ಕೆ ಪುಕ್ಕಟೆ ಮಾಡಲಿ ಅನ್ನುವುದು ಸರಿಯಲ್ಲ. ಇಲ್ಲಿ ನಾದಿನಿಯ ಮನಸ್ಸು ಗೆದ್ದರೆ "ತವರಿನ ಕಡಿ ಎಳಕೊಂಡ್ಲು" ಅನ್ನುವ ಮಾತಿಗೆ ಮನೆಯೊಳಗೇ ಉತ್ತರ ಸಿಗುತ್ತದೆ. ಆ ಮಾತು ಪೂರ್ತಿ ನಿಲ್ಲುತ್ತದೆ ಅಂತ ನಾನು ಭರವಸೆ ಕೊಡಲಾರೆ. ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ನೀನು ಹೈದರಾಬಾದಿಗೆ ಹೋಗಿದ್ದರೂ ಇನ್ನೇನೋ ಅನ್ನುತ್ತಿದ್ದರು.

ಅತ್ತೆ ಬೆಂಗಳೂರಿಗೆ ಬಂದು ಹೋಗುವುದನ್ನೂ ಈಗಲೇ ಯೋಚಿಸಿ. ಉದ್ಯಾನ್ ಎಕ್ಸ್‌ಪ್ರೆಸ್ಸನ್ನು ರಾಯಚೂರಲ್ಲಿ ರಾತ್ರಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಎಲ್ಲೂ ಬದಲಿಸದೆ ದಾಸರಹಳ್ಳಿ. ಶಕ್ತಿ ಯೋಜನೆಯಲ್ಲಿ ಕರ್ನಾಟಕದೊಳಗಿನ ಸಾಮಾನ್ಯ, ವೇಗದೂತ ಬಸ್ಸಿನಲ್ಲಿ ಅವರಿಗೆ ಪ್ರಯಾಣ ಉಚಿತ, ರಾಜ್ಯದ ಗಡಿ ದಾಟಿ ಹೈದರಾಬಾದಿಗೆ ಹೋದರೆ ಆ ಸೌಲಭ್ಯ ಇಲ್ಲ. ಆದರೂ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಸಕ್ಕರೆ ಕಾಯಿಲೆಯವರಿಗೆ ಮೂತ್ರಕ್ಕೆ ಇಳಿಯುವ ಪಾಡು ಬೇಡ, ರೈಲೇ ಸರಿ. ಟಿಕೆಟ್ 60 ದಿನ ಮುಂಚೆ ತೆಗೆಯಬಹುದು, ಕೆಳಗಿನ ಬರ್ತ್ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ನಲವತ್ತು ಡಿಗ್ರಿ ದಾಟಿ ಕಾದಿರುವಾಗ ಅವರನ್ನು ಕರೆಸಿಕೊ. ಎಲ್ಲಿಗೂ ಬರುವುದಿಲ್ಲ ಅಂದವರು ಮೊಮ್ಮಗಳ ರಜೆ, ತಂಪು ಹವಾ ಅಂದರೆ ಒಂದು ತಿಂಗಳು ಇದ್ದು ಹೋಗಬಹುದು. ಶಾಶ್ವತವಾಗಿ ಬನ್ನಿ ಅನ್ನಬೇಡ. ತಮ್ಮ ಮನೆಯ ಬೀಗದ ಕೈ ಅವರ ಸೊಂಟದಲ್ಲೇ ಇರಲಿ.

ಎಲ್ಲ ಕೇಳಿದ ಮೇಲೂ ನಿಮ್ಮವರು ಹೈದರಾಬಾದೇ ಅಂದರೆ? ಪಾಳಿ ಬಿಟ್ಟು ಹಗಲು ಡ್ಯೂಟಿ ಬರೆದು ಕೊಡುತ್ತಾರಾ ಅಂತ ಮೊದಲು ಕೇಳಿಸು. ಕೊಟ್ಟರೆ ನನ್ನ ಅರ್ಧ ತಕರಾರು ಹೋಯಿತು. ಮಗಳ ಕನ್ನಡ ಹೋಗುತ್ತದೆ ಅಂತ ಅಂಜಬೇಡ, ತೆಲುಗು ಲಿಪಿ ಕಲಿತ ಮಗುವಿಗೆ ಕನ್ನಡ ಲಿಪಿ ಒಂದು ಬೇಸಿಗೆಯ ಕೆಲಸ, ಕಲಿಸುವವಳು ಮನೆಯಲ್ಲೇ ಇದ್ದೀಯ. ಆದರೆ ಒಂದು ಲೆಕ್ಕ ಗೋಡೆಯ ಮೇಲೆ ಬರೆದಿಡು. ಕರ್ನಾಟಕದ ಸಿಇಟಿಗೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು ಅನ್ನುವುದು ಹೆಚ್ಚಿನವರು ಅರ್ಹತೆ ಪಡೆಯುವ ದಾರಿ. ಹನ್ನೆರಡರಲ್ಲಿ ಏಳು ಕಳೆದರೆ ಐದು. ಐದನೇ ತರಗತಿ ಮುಗಿಯುವುದರೊಳಗೆ ವಾಪಸ್ ಬಂದರೆ ಅವಳಿಗೆ ಏನೂ ತಪ್ಪುವುದಿಲ್ಲ.

ಯಾವ ಊರಾದರೂ ರಾಯಚೂರು ಬಿಡುವ ಮುಂಚೆ ಒಂದು ಕೆಲಸ ಮುಗಿಸು. ನಿಮ್ಮಿಬ್ಬರ ಮತ್ತು ಮಕ್ಕಳ ಜನನ ದಾಖಲೆ, ಓದಿನ ದಾಖಲೆ ಎಲ್ಲ ಒಂದು ಕಡೆ ಸೇರಿಸಿ, ಸಹಾಯಕ ಆಯುಕ್ತರ ಕಚೇರಿಯಲ್ಲಿ 371(ಜೆ) ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕು, ಮಕ್ಕಳದ್ದೂ ಕೇಳು. ಹತ್ತು ವರ್ಷದ ಮೇಲೆ ದೂರದ ಊರಿನಿಂದ ಬಂದು ಹಳೆ ಶಾಲೆಯ ರಿಜಿಸ್ಟರ್ ಹುಡುಕುವುದು ಬಲು ಕಷ್ಟ.

ಹೌದು ಅನ್ನುವ ಮುಂಚೆ ನಿಮ್ಮವರನ್ನು ಎರಡೂ ಕಡೆ ಒಂದೊಂದು ದಿನ ಕಳಿಸು. ಹಗಲು ಹೋಗಿ ಗೇಟು ನೋಡಿ ಬಂದರೆ ಸಾಲದು. ಸಂಜೆ ಕೆಲಸ ಬಿಡುವ ಹೊತ್ತಿಗೆ ಕಾರ್ಖಾನೆಯ ಮುಂದೆ ನಿಂತು, ಅಲ್ಲಿಂದ ಬಸ್ಸಿನಲ್ಲೋ ಮೆಟ್ರೋದಲ್ಲೋ ನೀವು ಬಾಡಿಗೆಗೆ ನೋಡಿದ ಓಣಿಯವರೆಗೆ ಹೋಗಲಿ. ಹೋಗುವಾಗಲೇ ನಿನಗೆ ಫೋನ್ ಮಾಡಲಿ. ಮಗಳ ಕೈಗೆ ಫೋನ್ ಕೊಡು, "ಅಪ್ಪ ಎಷ್ಟೊತ್ತಿಗಿ ಮನಿಗಿ ಬರ್ತಾರ?" ಅಂತ ಅವಳೇ ಕೇಳಲಿ.

— ನಿನ್ನ ಅಕ್ಕ